ಅನುಮೋದನೆಯ ಹೊಣೆ

ಸರ್ಕಾರಿ ಕಚೇರಿಗಳಲ್ಲಿ ದಿನನಿತ್ಯ ಕೇಳಿಬರುವ ಮಾತುಗಳಲ್ಲಿ ‘ಅನುಮೋದನೆ’ ಎಂಬುದೂ ಒಂದು. ಬಡಾವಣೆಯ ನಕ್ಷೆಗೆ ಅನುಮೋದನೆ, ಅಂದಾಜು ಪಟ್ಟಿಗೆ ಅನುಮೋದನೆ, ಸಭೆಯ ನಡವಳಿಗೆ ಅನುಮೋದನೆ. ಕಚೇರಿಯ ರೂಢಿಯಲ್ಲಿ ಅದಕ್ಕೆ ಸಹಿ ಮತ್ತು ಮೊಹರಿಗಿಂತ ಹೆಚ್ಚಿನ ಅರ್ಥ ಉಳಿದಿಲ್ಲ. ಇದೇ ಶಬ್ದ ನಮ್ಮ ಆಚಾರಶಾಸ್ತ್ರದಲ್ಲಿ ಬಹು ಭಾರವಾದುದು. ಒಂದು ಕರ್ಮವನ್ನು ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಇನ್ನೊಬ್ಬರು ಮಾಡುವುದಕ್ಕೆ ಒಪ್ಪಿಗೆ ಕೊಡುವುದು ಅನುಮತ ಅಥವಾ ಅನುಮೋದಿತ. ಮೂರರಿಂದಲೂ ಆಸ್ರವ ಉಂಟು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಮೂರನ್ನು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರರಿಂದಲೂ, ಮನೋವಚನಕಾಯಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ ಎಂಬ ಲೆಕ್ಕವನ್ನು ಬಲ್ಲವರು ಅನೇಕರು.

ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವನ್ನು ನೆನೆದರೆ ಇನ್ನೊಂದು ಸಂಗತಿ ಕಾಣುತ್ತದೆ. ಆರಂಭತ್ಯಾಗ ಎಂಟನೆಯದು, ಪರಿಗ್ರಹತ್ಯಾಗ ಒಂಬತ್ತನೆಯದು, ಅನುಮತಿತ್ಯಾಗ ಹತ್ತನೆಯದು. ತಾನು ವ್ಯವಹಾರವನ್ನು ಬಿಟ್ಟು, ಆಸ್ತಿಯನ್ನೂ ಬಿಟ್ಟ ಮೇಲೂ ‘ಹಾಗೆ ಮಾಡಿ, ಅಡ್ಡಿಯಿಲ್ಲ’ ಎಂದು ಮನೆಯವರಿಗೆ ಹೇಳುವ ಒಂದು ಮಾತು ಉಳಿದಿರುತ್ತದೆ. ಅದನ್ನು ಬಿಡುವುದು ಅಷ್ಟು ಕಷ್ಟ, ಅದರ ಪಾಲು ಅಷ್ಟು ಸೂಕ್ಷ್ಮ ಎಂದು ಹಿರಿಯರು ಕಂಡಿದ್ದರು. ನಗರವನ್ನು ಕಟ್ಟುವ ಕೆಲಸದಲ್ಲಿ ಕೈಹಾಕದೆ, ಇಟ್ಟಿಗೆಯನ್ನು ಮುಟ್ಟದೆ, ಹಣ ಹೂಡದೆ, ಬರಿಯ ಒಪ್ಪಿಗೆಯನ್ನಷ್ಟೇ ಕೊಡುವ ಯೋಜನಾ ಪ್ರಾಧಿಕಾರದ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಈ ಬೆಳಕಿನಲ್ಲಿ ವಿಚಾರಿಸಬಹುದು.

ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನ ದಕ್ಷಿಣಕ್ಕೆ ಬನಶಂಕರಿ, ಪದ್ಮನಾಭನಗರಗಳನ್ನು ದಾಟಿ ಉತ್ತರಹಳ್ಳಿಯ ಕಡೆಗೆ ಹೋಗುವವರಿಗೆ ಚಿಕ್ಕಲಸಂದ್ರ ಪರಿಚಿತ. ‘ಸಂದ್ರ’ ಎಂಬುದು ‘ಸಮುದ್ರ’ದಿಂದ ಬಂದುದು, ಅಂದರೆ ಕೆರೆಯಿರುವ ಊರು ಎಂಬ ಅಭಿಪ್ರಾಯ ಬಲವಾಗಿದೆ. ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಎಲ್ಲವೂ ಇದೇ ಜಾತಿಯ ಹೆಸರುಗಳು. ನದಿಯಿಲ್ಲದ ಈ ಎತ್ತರದ ಸೀಮೆಯಲ್ಲಿ ಮಳೆಯ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿ, ಒಂದು ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುವಂತೆ ಕಾಲುವೆ ತೆಗೆದು ಬದುಕಿದ ಜನ ಊರಿಗೆ ನೀರಿನ ಹೆಸರಿಟ್ಟರು. ಅಚ್ಚುಕಟ್ಟಿನ ಗದ್ದೆಗೆ ತೂಬಿನಿಂದ ಎಷ್ಟು ನೀರು ಬಿಡಬೇಕೆಂಬುದನ್ನು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಆ ಗದ್ದೆಗಳೇ ಇಂದು 30–40 ಅಡಿಯ ನಿವೇಶನಗಳು. ನಿವೇಶನವನ್ನೋ ಫ್ಲಾಟನ್ನೋ ಕೊಳ್ಳಲು ಹೋದವರು ಮೊದಲು ಕೇಳುವುದು ‘ಅಪ್ರೂವಲ್ ಆಗಿದೆಯೇ?’ ಎಂದು. ಅಪ್ರೂವಲ್ ಕೊಟ್ಟವರು ಏನನ್ನು ನೋಡಿ ಕೊಟ್ಟರು ಎಂದು ಕೇಳಿದವರು ವಿರಳ.

ಒಂದು ಕಾಮಗಾರಿಯಿಂದ ನೀರು, ನೆಲ, ಗಾಳಿ, ಜೀವಿಗಳ ಮೇಲೆ ಏನು ಪರಿಣಾಮವಾದೀತು ಎಂದು ಮುಂಚಿತವಾಗಿ ಎಣಿಸಿ ನೋಡುವ ಪದ್ಧತಿಗೆ ಪರಿಸರ ಆಘಾತ ಅಂದಾಜು ಎಂದು ಹೆಸರು. ಅಮೆರಿಕದಲ್ಲಿ ಇದಕ್ಕೆ 1970ರ ಜನವರಿ 1ರಂದು ಕಾನೂನಿನ ರೂಪ ಬಂತು. ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1994ರ ಜನವರಿ 27ರಂದು ಮೊದಲ ಅಧಿಸೂಚನೆ ಹೊರಟಿತು. ಅದರಲ್ಲಿ ಕೈಗಾರಿಕೆ, ಗಣಿ, ಅಣೆಕಟ್ಟುಗಳು ಇದ್ದವು. ದೊಡ್ಡ ಕಟ್ಟಡಗಳು ಸೇರಿದ್ದು 2004ರ ತಿದ್ದುಪಡಿಯಿಂದ. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಹಳೆಯದರ ಸ್ಥಾನದಲ್ಲಿ ಬಂದು, ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರಿಗೆ ಕಡಿಮೆಯಿಲ್ಲದ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕೆಂದಿತು. ಕಟ್ಟಡಗಳ ವಿಷಯದಲ್ಲಿ ಅನುಮತಿ ಕೊಡುವುದು ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರ. ಅದಕ್ಕೆ ಸಲಹೆ ನೀಡುವುದು ತಜ್ಞರ ಸಮಿತಿ. ನಕ್ಷೆಗೆ ಮಂಜೂರಾತಿ ಕೊಡುವ ಸ್ಥಳೀಯ ಸಂಸ್ಥೆ ಬೇರೆಯೇ. ಗಣಿಗೂ ಕಾರ್ಖಾನೆಗೂ ಇರುವ ಸಾರ್ವಜನಿಕ ಅಹವಾಲು ಸಭೆ ಕಟ್ಟಡಗಳಿಗೆ ಇಲ್ಲ. ಪಕ್ಕದ ಮನೆಯವನಿಗೆ ಮಾತಾಡಲು ಅವಕಾಶವಿಲ್ಲವೆಂದೇ ಇದರ ಅರ್ಥ.

ಈ 20,000 ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲಬೇಕು. 30–40ರ ನಿವೇಶನದಲ್ಲಿ ಮೂರು ಅಂತಸ್ತಿನ ಮನೆ ಎದ್ದರೆ ನಿರ್ಮಿತ ವಿಸ್ತೀರ್ಣ ಸುಮಾರು 235 ಚದರ ಮೀಟರ್. ಅಂಥ ಎಂಬತ್ತೈದು ಮನೆಗಳು ಸೇರಿದರೆ 20,000 ಆಗುತ್ತದೆ. ಚಿಕ್ಕಲಸಂದ್ರದಂಥ ಕಡೆ ಕೆಲವೇ ಅಡ್ಡರಸ್ತೆಗಳಲ್ಲಿ ಅಷ್ಟು ಮನೆಗಳು ಸಿಗುತ್ತವೆ. ಒಂದೇ ಕಟ್ಟಡವಾಗಿದ್ದರೆ ಅದರ ಕೊಳಚೆ ನೀರು, ಕೊಳವೆ ಬಾವಿ, ಮಳೆ ನೀರಿನ ಹರಿವು ಎಲ್ಲವನ್ನೂ ತಜ್ಞರ ಮುಂದೆ ಇಡಬೇಕಾಗಿತ್ತು. ಎಂಬತ್ತೈದು ತುಂಡುಗಳಾದುದರಿಂದ ಯಾರ ಮುಂದೆಯೂ ಇಡಬೇಕಾಗಿಲ್ಲ. ನೀರಿಗೆ ಈ ಲೆಕ್ಕ ತಿಳಿಯದು. ಅದು ಎಂಬತ್ತೈದು ಮಾಳಿಗೆಗಳಿಂದ ಇಳಿದು ಒಂದೇ ಮೋರಿಗೆ ಸೇರುತ್ತದೆ. 19,900 ಚದರ ಮೀಟರಿಗೆ ಬಂದು ನಿಂತುಬಿಡುವ ನಕ್ಷೆಯ ಜಾಣತನವನ್ನು ಬೇರೆ ಹೇಳಬೇಕಾಗಿಲ್ಲ. ಮಿತಿ ಎಂಬುದು ಕಾನೂನಿಗೆ ಅನಿವಾರ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ಮಿತಿಯ ಕೆಳಗಿರುವುದಕ್ಕೆ ಪರಿಣಾಮವೇ ಇಲ್ಲವೆಂದು ಭಾವಿಸುವುದು ಗಣಿತವೂ ಅಲ್ಲ, ಧರ್ಮವೂ ಅಲ್ಲ. ಇಲ್ಲಿ ಸಣ್ಣ ಸಣ್ಣದನ್ನು ಕೂಡಿಸಿ ನೋಡಬಲ್ಲ ಸಂಸ್ಥೆ ಒಂದೇ, ಇಡೀ ಊರಿನ ನಕ್ಷೆಯನ್ನು ಮುಂದಿಟ್ಟುಕೊಂಡಿರುವ ಯೋಜನಾ ಪ್ರಾಧಿಕಾರ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015 ಎಂಬುದು 2007ರಲ್ಲಿ ಜಾರಿಗೆ ಬಂತು. ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳ ಗಾತ್ರಕ್ಕೆ ತಕ್ಕಂತೆ ಅವುಗಳ ನಡುಗೆರೆಯಿಂದ 50, 25, 15 ಮೀಟರ್ ಕಟ್ಟಬಾರದ ಜಾಗವೆಂದು ಅದರಲ್ಲಿ ಗುರುತಿಸಲಾಗಿತ್ತು. ಕಾಗದದ ಮೇಲೆ ಅದು ಒಳ್ಳೆಯ ಗೆರೆಯೇ.

ಆ ಗೆರೆಯ ಪರೀಕ್ಷೆ ನಡೆದದ್ದು ಚಿಕ್ಕಲಸಂದ್ರದಿಂದ ಕೆಲವೇ ಮೈಲಿ ಪೂರ್ವಕ್ಕಿರುವ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವೆ. ಅಗರದ ನೀರು ಬೆಳ್ಳಂದೂರಿಗೆ ಹರಿಯುವ ಆ ತಗ್ಗಿನಲ್ಲಿ ಎರಡು ದೊಡ್ಡ ಯೋಜನೆಗಳು ತಲೆಯೆತ್ತಿದವು: ಮಂತ್ರಿ ಟೆಕ್‌ಜೋನ್ ಸಂಸ್ಥೆಯದೊಂದು, ಕೋರ್‌ಮೈಂಡ್ ಸಾಫ್ಟ್‌ವೇರ್ ಸಂಸ್ಥೆಯದೊಂದು. 2012ರಲ್ಲಿ ಒಂದಕ್ಕೆ, 2013ರಲ್ಲಿ ಇನ್ನೊಂದಕ್ಕೆ ಪರಿಸರ ಅನುಮತಿ ದೊರೆತಿತ್ತು. ಫಾರ್ವರ್ಡ್ ಫೌಂಡೇಶನ್ ಮೊದಲಾದ ನಾಗರಿಕ ಸಂಸ್ಥೆಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೊರೆಹೋದವು. ಅನುಮತಿಗೆ ಮುನ್ನವೇ ಕಾಮಗಾರಿ ತೊಡಗಿದ್ದುದನ್ನು ಕಂಡ ಮಂಡಳಿ 2015ರ ಮೇ 7ರಂದು ಯೋಜನಾ ವೆಚ್ಚದ ಶೇಕಡಾ 5ರಷ್ಟು ಪರಿಹಾರವನ್ನು ವಿಧಿಸಿತು. ಮರುವರ್ಷ, 2016ರ ಮೇ 4ರಂದು, ಇನ್ನೂ ಮುಂದೆ ಹೋಗಿ, ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳ ಅಂಚಿನಿಂದ 50, 35, 25 ಮೀಟರ್ ಬಿಡಬೇಕೆಂದು ಆದೇಶಿಸಿತು. ಊರಿನ ಕಟ್ಟಡ ವ್ಯವಹಾರವೆಲ್ಲ ಒಮ್ಮೆಲೇ ನಡುಗಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಈ ಸಾರ್ವತ್ರಿಕ ಆದೇಶವನ್ನು ರದ್ದುಪಡಿಸಿತು.

ಈ ತೀರ್ಪನ್ನು ಕೆಲವರು ಕೆರೆಗಳ ಸೋಲೆಂದೂ, ಕೆಲವರು ಗೃಹಸ್ಥರ ಗೆಲುವೆಂದೂ ಹೇಳಿದರು. ನನಗೆ ಎರಡೂ ಸರಿಯೆನಿಸುವುದಿಲ್ಲ. 75 ಮೀಟರ್ ಪ್ರಕೃತಿಗೆ ಅನಗತ್ಯವೆಂಬುದು ತೀರ್ಪಿನ ಆಧಾರವಾಗಿರಲಿಲ್ಲ. ಮಹಾಯೋಜನೆ ಶಾಸನದ ಬಲವುಳ್ಳದ್ದು, ನ್ಯಾಯಮಂಡಳಿಯು ಅದನ್ನು ತಿದ್ದಲಾರದು ಎಂಬುದೇ ಅದರ ಆಧಾರ. ಅಂದಮೇಲೆ ಎಷ್ಟು ಬಿಡಬೇಕೆಂದು ನಿರ್ಧರಿಸುವ ಅಧಿಕಾರದೊಡನೆ ಹೊಣೆಯೂ ಯೋಜನೆ ಮಾಡುವವರ ಬಾಗಿಲಿಗೆ ಮರಳಿ ಬಂದಿತು. ಆದರೆ ವ್ಯವಹಾರದಲ್ಲಿ ಆ ಹೊಣೆ ನಿಲ್ಲುವ ಸ್ಥಳವೇ ಸಿಗದು. ನಕ್ಷೆಗೆ ಸಹಿ ಹಾಕುವವರು ‘ಪರಿಸರ ಅನುಮತಿ ಕಡತದಲ್ಲಿದೆ’ ಎನ್ನುತ್ತಾರೆ. ಪರಿಸರ ಅನುಮತಿ ಕೊಡುವವರು ‘ಭೂಬಳಕೆ ಮಹಾಯೋಜನೆಗೆ ಅನುಗುಣವಾಗಿದೆ’ ಎನ್ನುತ್ತಾರೆ. ವರದಿ ಬರೆದ ಸಲಹೆಗಾರರು ತಮಗೆ ಕೊಟ್ಟ ಮಾಹಿತಿಯ ಮೇಲೆ ಬರೆದೆವೆನ್ನುತ್ತಾರೆ. ಅವರಿಗೆ ಸಂಭಾವನೆ ಕೊಡುವವನು ಕಟ್ಟುವವನೇ ಎಂಬುದನ್ನು ಎಲ್ಲರೂ ಬಲ್ಲರು. ಕೊಂಡವರು ‘ಎಲ್ಲ ಕಾಗದವೂ ಸರಿಯಾಗಿತ್ತು’ ಎನ್ನುತ್ತಾರೆ. ಪ್ರತಿಯೊಬ್ಬರ ಮಾತೂ ಬಿಡಿಯಾಗಿ ನಿಜ. ಒಟ್ಟಿಗೆ ನೋಡಿದರೆ ಯಾರೂ ಮಾಡದ ಒಂದು ಹಿಂಸೆ ನಡೆದುಹೋಗಿದೆ. ಕರ್ತೃವಿಲ್ಲದ ಕರ್ಮ ಎಂಬುದು ನಮ್ಮ ಶಾಸ್ತ್ರಕ್ಕೆ ಅಪರಿಚಿತ.

ಇದರ ಫಲವನ್ನು ಉಂಡವರು ಯಾರು? 2016ರ ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿಯ ಬೀದಿಗಳಲ್ಲಿ ದೋಣಿ ಬಿಡಬೇಕಾಯಿತು. ಆಗಸ್ಟಿನಲ್ಲಿ ಮಹಾನಗರ ಪಾಲಿಕೆ ರಾಜಕಾಲುವೆ ಒತ್ತುವರಿಯ ತೆರವಿಗೆ ಇಳಿಯಿತು. ಅರೆಕೆರೆಯ ಬಳಿಯ ಅವನಿ ಶೃಂಗೇರಿನಗರದಲ್ಲಿ ಒಡೆದ ಮನೆಗಳ ಯಜಮಾನರು ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ಬ್ಯಾಂಕಿನ ಸಾಲಪತ್ರ ಹಿಡಿದು ಬೀದಿಯಲ್ಲಿ ನಿಂತರು. ಮಂಜೂರಾದ ನಕ್ಷೆ ತೋರಿಸಿದವರೂ ಇದ್ದರು. ಗ್ರಾಮ ನಕ್ಷೆಯಲ್ಲಿ ಕಾಲುವೆಯ ಗೆರೆ ಮೊದಲಿನಿಂದಲೂ ಇತ್ತು. ಅದೇ ಗ್ರಾಮ ನಕ್ಷೆಯನ್ನು ಒಂದು ಕಚೇರಿ ಮನೆ ಕಟ್ಟುವ ದಿನ ನೋಡಲಿಲ್ಲ, ಇನ್ನೊಂದು ಕಚೇರಿ ಒಡೆಯುವ ದಿನ ನೋಡಿತು. ಇಪ್ಪತ್ತು ವರ್ಷದ ಸಾಲದ ಕಂತು ಕಟ್ಟುತ್ತಿದ್ದ ಕುಟುಂಬಕ್ಕೆ ಈ ಎರಡು ನೋಟಗಳ ನಡುವಿನ ಅಂತರವೇ ಜೀವಮಾನದ ಉಳಿತಾಯ. ಈ ಮನೆಗಳು ತೀರ ಸಣ್ಣವು, 2006ರ ಅಧಿಸೂಚನೆಗೆ ಸಿಕ್ಕುವಂಥವಲ್ಲ. ಆದರೂ ಆಘಾತದ ಅಂದಾಜು ಎಂಬುದು ಯಾರಿಗಾಗಿ ಎಂಬುದನ್ನು ಅವು ಹೇಳುತ್ತವೆ. ಕೆರೆಯ ಕಪ್ಪೆ ಕೊಕ್ಕರೆಗಳಿಗಾಗಿ ಮಾತ್ರ ಅದು ಇದೆಯೆಂದು ತಿಳಿದವರು ಅಂದು ಆ ಬೀದಿಯಲ್ಲಿ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಅಧಿಕಾರಿಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಲಂಚ ಮುಟ್ಟದೆ ನಿಯಮದಂತೆ ಸಹಿ ಹಾಕಿದ ಆತನಿಗೆ ಪಾಪದ ಪಾಲೇಕೆ ಎಂದು ಕೇಳುವವರಿದ್ದಾರೆ. ಉತ್ತರ ಹಿಂಸೆಯ ಲಕ್ಷಣದಲ್ಲಿಯೇ ಇದೆ. ಪ್ರಾಣಕ್ಕೆ ಹಾನಿಯಾಯಿತೇ ಎಂಬುದರ ಜೊತೆಗೆ, ಪ್ರಮಾದದಿಂದ ಆಯಿತೇ ಎಂಬುದನ್ನು ನಮ್ಮ ಆಚಾರ್ಯರು ಮುಖ್ಯವಾಗಿ ಎಣಿಸಿದರು. ಈರ್ಯಾಸಮಿತಿಯಿಂದ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವ ಮುನಿಯ ಕಾಲಡಿ ಹಠಾತ್ತನೆ ಕೀಟವೊಂದು ಬಂದು ಸತ್ತರೆ ಬಂಧವಿಲ್ಲ. ನೋಡದೆ ನಡೆದವನ ಕಾಲಿಗೆ ಏನೂ ಸಿಗದಿದ್ದರೂ ದೋಷ ತಪ್ಪದು. ಯೋಜನಾ ಕಚೇರಿಗೆ ಇದನ್ನು ಅನ್ವಯಿಸಿದರೆ, ಅಂದಾಜು ಎಂಬುದೇ ಅದರ ಈರ್ಯಾಸಮಿತಿ. ವರದಿಯನ್ನು ಓದಿ, ಸ್ಥಳವನ್ನು ನೋಡಿ, ತೂಗಿ ಕೊಟ್ಟ ಒಪ್ಪಿಗೆಯಿಂದ ಕೇಡಾದರೆ ಅದು ಮನುಷ್ಯನ ಅಲ್ಪಜ್ಞತೆ. ಓದದೆ ಕೊಟ್ಟ ಒಪ್ಪಿಗೆಯಿಂದ ಕೇಡಾಗದಿದ್ದರೂ ಅದು ಅದೃಷ್ಟ ಮಾತ್ರ.

ಇಂಗ್ಲೆಂಡಿನ ಒಂದು ಪ್ರಕರಣ ಇದಕ್ಕೆ ಸಮೀಪವಾಗಿದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಫುಲ್‌ಹ್ಯಾಮ್ ಫುಟ್‌ಬಾಲ್ ಮೈದಾನದಲ್ಲಿ ಹೊಸ ಕ್ರೀಡಾಂಗಣವನ್ನೂ ವಸತಿಗೃಹಗಳನ್ನೂ ಕಟ್ಟಲು ಅನುಮತಿ ದೊರೆತಿತ್ತು. ಪರಿಸರ ಅಂದಾಜು ವಿಧಿವತ್ತಾಗಿ ನಡೆದಿರಲಿಲ್ಲ. ಬೇಕಾದ ಮಾಹಿತಿಯೆಲ್ಲ ಬೇರೆ ಬೇರೆ ಕಡತಗಳಲ್ಲಿ ಹೇಗೂ ಇತ್ತು, ಅಂದಾಜು ನಡೆಸಿದ್ದರೂ ನಿರ್ಣಯ ಬದಲಾಗುತ್ತಿರಲಿಲ್ಲ ಎಂಬ ವಾದ ಮುಂದಿಡಲಾಯಿತು. ಬರ್ಕ್ಲಿ ಪ್ರಕರಣವೆಂದು ಹೆಸರಾದ ಇದರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ 2000ದಲ್ಲಿ ಅನುಮತಿಯನ್ನು ರದ್ದುಮಾಡಿತು. ಚದುರಿದ ಕಾಗದಗಳನ್ನು ಜನರೇ ಹುಡುಕಿ ಜೋಡಿಸಿಕೊಳ್ಳಲಿ ಎನ್ನುವುದು ಅಂದಾಜಲ್ಲ. ಜನ ತಿಳಿದು ಅಭಿಪ್ರಾಯ ಹೇಳುವ ಅವಕಾಶವೇ ಅದರ ಒಂದು ಅಂಗ ಎಂಬುದು ಆ ನಿರ್ಣಯದ ಸಾರ. ಫಲ ಒಂದೇ ಆದರೂ ನೋಡದೆ ನಡೆದುದು ದೋಷವೇ ಎಂಬ ಮಾತು ಬೇರೆ ಭಾಷೆಯಲ್ಲಿ, ಬೇರೆ ದಾರಿಯಿಂದ ಬಂದಿದೆ.

ಆ ದೇಶದಲ್ಲಿ ಪರಿಸರದ ವರದಿಯನ್ನು ಪಡೆದು, ಜನರ ಮುಂದಿಟ್ಟು, ನಿರ್ಣಯಿಸುವುದು ಸಾಮಾನ್ಯವಾಗಿ ಸ್ಥಳೀಯ ಯೋಜನಾ ಪ್ರಾಧಿಕಾರವೇ. ನಮ್ಮಲ್ಲಿಯೂ ಹಾಗೆಯೇ ಮಾಡೋಣವೆಂಬ ಯತ್ನ ನಡೆದಿದೆ. 2016ರ ಡಿಸೆಂಬರ್ 9ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ 1,50,000 ಚದರ ಮೀಟರ್‌ವರೆಗಿನ ಕಟ್ಟಡಗಳ ಪರಿಸರ ಷರತ್ತುಗಳನ್ನು ಕಟ್ಟಡ ಪರವಾನಗಿಯಲ್ಲಿಯೇ ಸೇರಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಹೊರಟಿತು. 2017ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಇದರ ಮುಖ್ಯ ಭಾಗವನ್ನು ತಳ್ಳಿಹಾಕಿತು. 2018ರ ನವೆಂಬರಿನಲ್ಲಿ ಇಂಥದೇ ಇನ್ನೊಂದು ಅಧಿಸೂಚನೆ ಬಂದಾಗ ದೆಹಲಿ ಉಚ್ಚ ನ್ಯಾಯಾಲಯ ತಡೆ ನೀಡಿತು. ಈ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಯಾವ ಮೋರಿ ಯಾವ ಮಳೆಗೆ ಉಕ್ಕುತ್ತದೆಂದು ಊರಿನ ಕಚೇರಿಗೆ ತಿಳಿದಷ್ಟು ವಿಧಾನಸೌಧದ ಸುತ್ತಿನ ಕಚೇರಿಗೆ ತಿಳಿಯದು. ನೀರಗಂಟಿಯ ಜ್ಞಾನ ಕೆರೆಯ ಏರಿಯ ಮೇಲಿನದು. ಆದರೆ ನೀರಗಂಟಿಗೆ ಗದ್ದೆ ಮಾರುವ ಹಂಗು ಇರಲಿಲ್ಲ. ಇಂದಿನ ಸ್ಥಳೀಯ ಸಂಸ್ಥೆ ನಕ್ಷೆಯ ಶುಲ್ಕದಿಂದಲೂ ಅಭಿವೃದ್ಧಿ ಶುಲ್ಕದಿಂದಲೂ ಆಸ್ತಿ ತೆರಿಗೆಯಿಂದಲೂ ಬದುಕುತ್ತದೆ. ಕಟ್ಟಡ ಹೆಚ್ಚಿದಷ್ಟು ಅದರ ಬೊಕ್ಕಸ ತುಂಬುತ್ತದೆ. ಹೆಚ್ಚು ಬಲ್ಲವನೇ ಹೆಚ್ಚು ಹಂಗಿನಲ್ಲಿರುವವನೂ ಆದರೆ ಅವನೊಬ್ಬನ ಕೈಗೆ ತಕ್ಕಡಿ ಕೊಡುವುದು ನ್ಯಾಯವಲ್ಲ. ಅಂದಾಜು ಬೇರೆಯವರ ಕೈಯಲ್ಲಿಯೇ ಇರಲಿ. ಆದರೆ ಅದನ್ನು ಓದಿ, ನಕ್ಷೆಯೊಡನೆ ಹೋಲಿಸಿ, ಏಕೆ ಒಪ್ಪಿದೆವೆಂದು ಕಾರಣ ಬರೆದು ಸಹಿ ಹಾಕುವ ಕರ್ತವ್ಯ ಸ್ಥಳೀಯರದಾಗಲಿ ಎಂಬಲ್ಲಿಗೆ ನಾನು ಬಂದು ನಿಲ್ಲುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ಬಂದಿವೆ. ಕಚೇರಿಯ ಫಲಕ ಬದಲಾದಂತೆ ಈ ಒಂದು ಅಭ್ಯಾಸವೂ ಬದಲಾಗಬಹುದಿತ್ತಲ್ಲ ಎಂದು ಆಸೆಪಡುವುದರಲ್ಲಿ ತಪ್ಪಿಲ್ಲ.

ಕಟ್ಟಿದ ಮೇಲೆ ಅನುಮತಿ ಕೇಳುವ ಪದ್ಧತಿಯ ಬಗೆಗೂ ಒಂದು ಮಾತು. 2017ರ ಮಾರ್ಚ್ 14ರ ಅಧಿಸೂಚನೆ ಮುಂಚಿತವಾಗಿ ಅನುಮತಿ ಪಡೆಯದವರಿಗೆ ಹಿಂದಿನಿಂದ ಪಡೆಯುವ ದಾರಿ ತೆರೆಯಿತು. 2025ರ ಮೇ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮುಚ್ಚಿತು. ಅದೇ ವರ್ಷದ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಎದ್ದು ನಿಂತ ಆಸ್ಪತ್ರೆಯನ್ನೋ ವಸತಿ ಸಮುಚ್ಚಯವನ್ನೋ ಕೆಡವುವುದರಿಂದ ಇನ್ನಷ್ಟು ಹಾನಿ ಎಂಬ ವಾದ ಹಗುರವಾದುದಲ್ಲ. ಆದರೂ ಸಂರಂಭ, ಸಮಾರಂಭ, ಆರಂಭ ಎಂಬ ಕ್ರಮವನ್ನು ನೆನೆಯಬೇಕು. ಸಂಕಲ್ಪ ಮೊದಲು, ಸಾಧನ ಸಂಗ್ರಹ ಅನಂತರ, ಕಾರ್ಯ ಕೊನೆಗೆ. ಪರಾಮರ್ಶೆಗೆ ಬೆಲೆಯಿರುವುದು ಸಂಕಲ್ಪದ ಹಂತದಲ್ಲಿ. ಜೆಸಿಬಿ ನೆಲಕ್ಕೆ ಇಳಿದ ಮೇಲೆ ಉಳಿಯುವುದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತಕ್ಕೆ ಅದರದೇ ಸ್ಥಾನವಿದೆ, ಆದರೆ ದರಪಟ್ಟಿ ನೋಡಿ, ದಂಡವನ್ನು ವೆಚ್ಚದಲ್ಲಿ ಮೊದಲೇ ಸೇರಿಸಿಕೊಂಡು ಮಾಡುವ ತಪ್ಪಿಗೆ ಪ್ರಾಯಶ್ಚಿತ್ತವೆಂಬ ಹೆಸರು ಸಲ್ಲದು.

ಇಷ್ಟನ್ನೂ ಕಚೇರಿಗಳ ಮೇಲೆ ಹೊರಿಸಿ ನಾವು ಸುಮ್ಮನಾಗುವಂತಿಲ್ಲ. ಮನೆ ಕಟ್ಟುವುದು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಅದನ್ನು ಯಾರೂ ನಿಷೇಧಿಸಿಲ್ಲ. ಆದರೆ ಹೂಡಿಕೆಗೆಂದು ಎರಡನೆಯ, ಮೂರನೆಯ ಫ್ಲಾಟನ್ನು ಮುಂಗಡ ಕೊಟ್ಟು ಕೊಳ್ಳುವವನು ಕಟ್ಟುವವನಿಗೆ ಅನುಮತಿಯನ್ನಲ್ಲದೆ ಬಂಡವಾಳವನ್ನೂ ಕೊಡುತ್ತಾನೆ. ಅವನದು ಅನುಮತದಿಂದ ಕಾರಿತಕ್ಕೆ ಜಾರಿದ ಸ್ಥಿತಿ. ಬಸದಿಯ ಟ್ರಸ್ಟುಗಳ ಮಾತು ಇನ್ನೂ ಸೂಕ್ಷ್ಮ. ದಾನವಾಗಿ ಬಂದ ಜಮೀನಿನಲ್ಲಿ ಸಭಾಭವನವನ್ನೋ ವಿದ್ಯಾರ್ಥಿನಿಲಯವನ್ನೋ ಕಟ್ಟಲು ಟ್ರಸ್ಟಿನ ಸಭೆಯಲ್ಲಿ ‘ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂದು ನಡವಳಿ ಬರೆಯುತ್ತೇವೆ. ಆ ಕ್ಷಣ ಯೋಜನಾ ಪ್ರಾಧಿಕಾರಕ್ಕೂ ನಮಗೂ ಭೇದವಿಲ್ಲ. ಧರ್ಮಕಾರ್ಯವೆಂಬ ಕಾರಣಕ್ಕೆ ಅಪ್ಕಾಯಿಕ ಜೀವಗಳು ರಿಯಾಯಿತಿ ಕೊಡುವುದಿಲ್ಲ. ಜಮೀನಿನ ಗ್ರಾಮ ನಕ್ಷೆ ತರಿಸಿ, ಅದರಲ್ಲಿ ಕಾಲುವೆ, ಖರಾಬು, ಕೆರೆಯಂಗಳದ ಗೆರೆಗಳು ಎಲ್ಲಿವೆಯೆಂದು ನೋಡಿ, ಮಳೆಗಾಲದಲ್ಲೊಮ್ಮೆ ಹೋಗಿ ನೀರು ಎತ್ತ ಹರಿಯುತ್ತದೆಂದು ಕಂಡು, ಆ ಮೇಲೆ ನಡವಳಿ ಬರೆದರೆ ಆಗುವ ವಿಳಂಬ ಒಂದು ಚಾತುರ್ಮಾಸದಷ್ಟು. ಇದನ್ನು ಮಾಡಿಸಲು ಯಾವ ಅಧಿಸೂಚನೆಯೂ ಬೇಕಿಲ್ಲ, 20,000 ಚದರ ಮೀಟರಿನ ಮಿತಿಯೂ ಇಲ್ಲ.

ದೊಡ್ಡ ಕಟ್ಟಡಗಳ ವಿಷಯದಲ್ಲಿ ಕಾನೂನು ನಮ್ಮ ಕೈಗೆ ಕೆಲವು ಸಣ್ಣ ಕೀಲಿಗಳನ್ನು ಕೊಟ್ಟಿದೆ. ಪರಿಸರ ಅನುಮತಿ ಪತ್ರದ ಪ್ರತಿಯನ್ನು ಯೋಜನೆಯವರು ಸ್ಥಳೀಯ ಸಂಸ್ಥೆಗೆ ಸಲ್ಲಿಸಬೇಕು, ಆ ಸಂಸ್ಥೆ ಅದನ್ನು 30 ದಿನ ಪ್ರದರ್ಶಿಸಬೇಕು ಎಂಬ ವಿಧಿ 2009ರ ತಿದ್ದುಪಡಿಯಿಂದ ಬಂದಿದೆ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಇರುವ ಅವಧಿಯೂ 30 ದಿನವೇ. ತಕ್ಕ ಕಾರಣ ತೋರಿದರೆ ಇನ್ನು 60 ದಿನ. ಫಲಕದ ಮೇಲೆ ಆ ಕಾಗದ ಬಾರದಿದ್ದರೆ ಊರಿನವರಿಗೆ ತಿಳಿಯುವ ಹೊತ್ತಿಗೆ ದಿನ ಕಳೆದಿರುತ್ತದೆ. ಷರತ್ತುಗಳ ಪಾಲನೆಯ ವರದಿಯನ್ನು ವರ್ಷಕ್ಕೆರಡು ಬಾರಿ, ಜೂನ್ 1ಕ್ಕೂ ಡಿಸೆಂಬರ್ 1ಕ್ಕೂ, ಯೋಜನೆಯವರು ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಕೇಳಿದವರಿಗೆ ಪ್ರತಿ ಕೊಡಬೇಕು. ನಮ್ಮ ಬಾಂಧವರಲ್ಲಿ ಎಷ್ಟೋ ಕುಟುಂಬಗಳು ಈಗ ಅಂಥ ಸಮುಚ್ಚಯಗಳಲ್ಲಿಯೇ ವಾಸಿಸುತ್ತಿವೆ, ಕೆಲವರು ಅಲ್ಲಿನ ನಿವಾಸಿಗಳ ಸಂಘದ ಪದಾಧಿಕಾರಿಗಳೂ ಆಗಿದ್ದಾರೆ. ಕೊಳಚೆ ನೀರಿನ ಶುದ್ಧೀಕರಣ ಘಟಕ ನಡೆಯುತ್ತಿದೆಯೆಂದು ವರದಿಯಲ್ಲಿ ಬರೆದಿದ್ದರೆ, ನೆಲಮಾಳಿಗೆಗೆ ಇಳಿದು ಅದು ನಿಜವಾಗಿ ನಡೆಯುತ್ತಿದೆಯೇ, ಅಥವಾ ರಾತ್ರಿ ವೇಳೆ ಕೊಳವೆಯ ಬಾಯಿ ಮಳೆನೀರಿನ ಮೋರಿಗೆ ತೆರೆದುಕೊಳ್ಳುತ್ತದೆಯೇ ಎಂದು ನೋಡಿ ಬರುವುದಕ್ಕೆ ಕಾಲು ಗಂಟೆ ಸಾಕು.